ಎಂಟು ಮದುವೆಗೆ ಹೂಡಿದ ಕಾರು

ಚಂದ್ರಕಾಂತ್ ಅವರೊಡನೆ ಮೊದಲ ಮಾತುಕತೆ ನಿಗದಿಯಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ್ ಭಾಗಗಳಲ್ಲಿ ಮಗ್ಗ ಬಿಟ್ಟು ಬೇರೆ ಕಸುಬು ಹಿಡಿದವರ ಬದುಕನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ನಡೆದಿತ್ತು. ಚಂದ್ರಕಾಂತ್ ಅವರ ಹೆಸರನ್ನು ಸೂಚಿಸಿದವರು ನಾರಾಯಣಪೇಟೆಯ ಸೀರೆ ಅಂಗಡಿಯೊಂದರ ಗುಮಾಸ್ತ ಉದಯಕುಮಾರ. "ಮಗ್ಗದಿಂದ ಇಳದು ದೊಡ್ಡ ಕಾರಿನ್ಯಾಗ ಕುಂತಾಂವ ಅಂದ್ರ ನಮ್ಮ ಪ್ಯಾಟ್ಯಾಗ ಅವನೊಬ್ಬನ ನೋಡ್ರಿ. ಈಗ ಕಾರಿನಿಂದನೂ ಇಳದಾನ, ಅದನ್ನ ಮಾತ್ರ ಕೇಳಬ್ಯಾಡ್ರಿ," ಎಂದು ನಕ್ಕು ಫೋನ್ ಸಂಖ್ಯೆ ಕೊಟ್ಟಿದ್ದರು.

೨೦೨೫ರ ಮಾರ್ಚ್‌ನಲ್ಲಿ ಕರೆ ಮಾಡಿದಾಗ ಚಂದ್ರಕಾಂತ್ ಬಹಳ ಮರ್ಯಾದೆಯಿಂದ ಮಾತನಾಡಿದರು. "ಈಗ ಬ್ಯಾಡ್ರೀ. ಗಾಡಿ ಮರಮ್ಮತ್ತಿಗೆ ನಿಂತೈತಿ. ಅದು ಚಾಲೂ ಆದ ಮ್ಯಾಲ ಬರ್ರಿ, ನಾನ ನಿಮ್ಮನ್ನ ಕುಂದ್ರಿಸ್ಕೊಂಡು ಮೂರೂ ಊರು ತೋರಸ್ತೀನಿ." ಏಪ್ರಿಲ್‌ನಲ್ಲಿಯೂ ಅದೇ ಉತ್ತರ ಬಂತು, ಸ್ವಲ್ಪ ಚಿಕ್ಕದಾಗಿ. ಮೇ ತಿಂಗಳ ಮಧ್ಯದಲ್ಲಿ ಅವರದೇ ಸಂಖ್ಯೆಯಿಂದ ಕರೆ ಬಂತು. ಮಾತನಾಡಿದವರು ಅವರ ಹೆಂಡತಿ ಹಣಮಮ್ಮ.

"ಅದು ಚಾಲೂ ಆಗಲಿ ಅಂತ ಕಾಯ್ಕೋತ ಕುಂತ್ರ ನೀವು ಮುದುಕರಾಗ್ತೀರಿ. ಸೋಮವಾರ ಮಕ್ತಲಕ್ಕ ಬರ್ರಿ, ಖಾಜಾಮಿಯಾನ ಶೆಡ್ಡಿಗೆ. ಇವರು ಅಲ್ಲೇ ಇರ್ತಾರ, ಅದರ ಬಾಜೂಕ."

ಅವರಿಗೆ ತಿಳಿಸಿದ್ದೀರಾ ಎಂದು ಕೇಳಿದ್ದಕ್ಕೆ, "ಹೇಳಿದ್ರ ಬ್ಯಾಡ ಅಂತಾರ್ರಿ. ಬಂದು ಎದುರಿಗೆ ನಿಂತವರಿಗೆ ಬ್ಯಾಡ ಅನ್ನಾಕ ಅವರಿಗೆ ಬರೂದಿಲ್ಲ," ಎಂದರು.

ಮೆಕ್ಯಾನಿಕ್ ಖಾಜಾಮಿಯಾ ಅವರ ಶೆಡ್ಡು ಮಕ್ತಲ್‌ನಿಂದ ರಾಯಚೂರಿಗೆ ಹೋಗುವ ರಸ್ತೆಯ ಎಡಕ್ಕಿದೆ. ನಾಲ್ಕು ಕಂಬದ ಮೇಲೆ ತಗಡು, ಮುಂದೆ ಒಂದು ಬೇವಿನ ಮರ. ಟ್ರ್ಯಾಕ್ಟರುಗಳು, ಆಟೋಗಳ ನಡುವೆ ಬಿಳಿಯ ಜರ್ಮನ್ ಕಾರೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಇಂಜಿನ್ನಿನ ಮೇಲ್ಭಾಗವನ್ನು ಬಿಚ್ಚಿ ಗೋಣಿಚೀಲದ ಮೇಲೆ ಇಡಲಾಗಿತ್ತು. ಐವತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ಎಡಗೈಯಿಂದ ಕಾರಿನ ಬಾಗಿಲನ್ನು ಒರೆಸುತ್ತಿದ್ದರು. ಬಂದ ಉದ್ದೇಶವನ್ನು ಮತ್ತೊಮ್ಮೆ ವಿವರಿಸಿ ಅನುಮತಿ ಕೇಳಿದಾಗ ಚಂದ್ರಕಾಂತ್ ಜೊತೆಗೆ ಬಂದಿದ್ದ ಹೆಂಡತಿಯತ್ತ ಒಮ್ಮೆ ನೋಡಿದರು, ಬೇಡವೆನ್ನಲಿಲ್ಲ. ಶೆಡ್ಡಿನಲ್ಲಿ ಕುಳಿತುಕೊಳ್ಳಲು ಬೇರೆ ಜಾಗವಿರಲಿಲ್ಲ. ಆದ್ದರಿಂದ ಧ್ವನಿಮುದ್ರಣ ಕಾರಿನೊಳಗೇ ನಡೆಯಿತು. ಅವರು ಚಾಲಕನ ಜಾಗದಲ್ಲಿ, ಹಣಮಮ್ಮ ಹಿಂದಿನ ಸೀಟಿನಲ್ಲಿ.

"ಬಾಗಲಾ ಮೆಲ್ಲಗ ಹಾಕ್ರಿ," ಎಂಬುದು ಆ ಧ್ವನಿಮುದ್ರಣದಲ್ಲಿ ಅವರ ಮೊದಲ ಮಾತು.

ಚಂದ್ರಕಾಂತ್ ಹುಟ್ಟಿದ್ದು ೧೯೭೩ರಲ್ಲಿ, ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ. ತಂದೆ ಶಿವಯ್ಯನವರ ಮನೆಯ ಹಿತ್ತಲಲ್ಲಿ ಮೂರು ಮಗ್ಗಗಳಿದ್ದವು. ಆ ಊರಿನ ನೇಯ್ಗೆಯ ಒಂದು ಪದ್ಧತಿಯನ್ನು ಇಲ್ಲಿ ವಿವರಿಸಬೇಕು, ಏಕೆಂದರೆ ಮುಂದೆ ನಡೆದದ್ದೆಲ್ಲ ಅದರ ಮೇಲೆಯೇ ನಿಂತಿದೆ. ನಾರಾಯಣಪೇಟೆಯಲ್ಲಿ ಒಂದೊಂದೇ ಸೀರೆಗೆ ನೂಲು ಹೂಡುವುದಿಲ್ಲ. ಉದ್ದದ ಎಳೆಗಳನ್ನು, ಅಂದರೆ ಹಾಸನ್ನು, ಎಂಟು ಸೀರೆಗಳಿಗೆ ಸಾಕಾಗುವಷ್ಟು ಒಂದೇ ಬಾರಿಗೆ ಮಗ್ಗಕ್ಕೆ ಏರಿಸುತ್ತಾರೆ. ಎಂಟೂ ಇಳಿಯುವವರೆಗೆ ಮಗ್ಗದ ಹಗ್ಗ, ಮರ, ಮೊಳೆ ಯಾವುದನ್ನೂ ಬದಲಿಸುವುದಿಲ್ಲ. ನಡುವೆ ಮುಟ್ಟಿದರೆ ಎಳೆಗಳ ಬಿಗಿ ಬದಲಾಗುತ್ತದೆ, ಬಟ್ಟೆಯಲ್ಲಿ ಗೆರೆ ಏಳುತ್ತದೆ, ಸಾಹುಕಾರ ಸೀರೆಯನ್ನು ಹಿಂದಕ್ಕೆ ಹಾಕುತ್ತಾನೆ. ರಿಪೇರಿ ಏನಿದ್ದರೂ ಒಂದು ಹಾಸು ಮುಗಿದು ಇನ್ನೊಂದು ಏರುವ ನಡುವಿನ ಬಿಡುವಿನಲ್ಲಿ.

"ಒಮ್ಮಿ ನಾನು ಸಣ್ಣಾಂವಿದ್ದಾಗ ಐದನೇ ಸೀರ್ಯಾಗ ಒಂದು ಹಗ್ಗ ಸವದೈತಿ ಅಂತ ಹೊಸಾದು ಕಟ್ಟಿದ್ನಿ," ಎಂದರು ಚಂದ್ರಕಾಂತ್. "ಛಲೋ ಕೆಲಸ ಮಾಡೀನಿ ಅಂತ ಅಪ್ಪಗ ಹೇಳಾಕ ಹೋದ್ನಿ. ಅಪ್ಪ ಬೈಯ್ಯಲಿಲ್ಲ. ಉಳದ ಸೀರಿ ಎಲ್ಲಾ ತಂದು ನನ್ನ ಹಾಸಿಗಿ ಮ್ಯಾಲ ಇಟ್ಟ. ಹೊತಗೊಂಡು ಮಲಕ್ಕೋ, ಮತ್ಯಾರೂ ತಗೊಳ್ಳಂಗಿಲ್ಲ ಅಂದ."

ಹಿಂದಿನಿಂದ ಹಣಮಮ್ಮ, "ಅವುನ್ನ ನಾ ಮದ್ವಿಯಾಗಿ ಬಂದು ಉಟ್ನಿ," ಎಂದರು.

ಹಣಮಮ್ಮ ಗದ್ವಾಲ್‌ನ ನೇಕಾರರ ಮನೆಯವರು. ಮದುವೆಯಾದ ಮೇಲೆ ಇಬ್ಬರೂ ಎದುರುಬದುರು ಮಗ್ಗಗಳಲ್ಲಿ ಕುಳಿತು ಹದಿನಾಲ್ಕು ವರ್ಷ ನೇಯ್ದರು. ೨೦೦೯ರ ಸುಮಾರಿಗೆ ಚಂದ್ರಕಾಂತ್ ಅವರ ಬಲ ಭುಜ ಕೈಕೊಟ್ಟಿತು. ಲಾಳಿ ಎಸೆಯುವ ಹಗ್ಗವನ್ನು ಜಗ್ಗಲು ಆಗದಾಯಿತು. ಅವರಿಂದ ಸೀರೆ ಕೊಳ್ಳುತ್ತಿದ್ದ ಸಾಹುಕಾರರೇ ಅವರನ್ನು ತಮ್ಮ ವಾಹನದ ಚಾಲಕನಾಗಿ ಇಟ್ಟುಕೊಂಡರು. ಸೀರೆಯ ಗಂಟುಗಳನ್ನು ಗದ್ವಾಲ್‌ಗೂ ಹೈದರಾಬಾದಿಗೂ ಸಾಗಿಸುತ್ತ ಮತ್ತೆ ಹದಿನಾಲ್ಕು ವರ್ಷ ಕಳೆದವು. ಈ ಪ್ರಯಾಣಗಳಲ್ಲಿ ಅವರು ಗಮನಿಸಿದ್ದು ಒಂದು ಸಂಗತಿ: ಉಟ್ಕೂರ್, ಕೊತ್ತಪಲ್ಲಿ, ಐಜದಂಥ ಊರುಗಳಲ್ಲಿಯೂ ಈಗ ಮದುಮಗ ದೊಡ್ಡ ಕಾರಿನಲ್ಲಿ ಬರಬೇಕು. ಅಂಥ ಕಾರು ರಾಯಚೂರಿನಿಂದಲೋ ಮಹಬೂಬ್‌ನಗರದಿಂದಲೋ ಬಾಡಿಗೆಗೆ ಬರಬೇಕಿತ್ತು.

೨೦೨೩ರಲ್ಲಿ ಸಾಹುಕಾರರ ವ್ಯಾಪಾರ ಮಕ್ಕಳ ಕೈಗೆ ಹೋಗಿ, ಗಂಟುಗಳು ಪಾರ್ಸಲ್ ಸರ್ವಿಸ್‌ಗೆ ಹೋದವು. ಚಂದ್ರಕಾಂತ್ ಹಿತ್ತಲ ಜಾಗವನ್ನೂ ಎರಡು ಮಗ್ಗಗಳನ್ನೂ ಮಾರಿದರು; ಮೂರನೆಯದು ಪಡಸಾಲೆಗೆ ಬಂತು. ಆ ಹಣಕ್ಕೆ ಸಾಲವನ್ನೂ ಸ್ವಲ್ಪ ಸೇರಿಸಿ ಹೈದರಾಬಾದಿನ ಹಳೆ ಕಾರುಗಳ ದಲ್ಲಾಳಿಯೊಬ್ಬನಿಂದ ೨೦೧೪ರ ಮಾದರಿಯ ಈ ಡೀಸೆಲ್ ಕಾರನ್ನು ಏಳು ಲಕ್ಷ ಎಂಬತ್ತು ಸಾವಿರಕ್ಕೆ ಕೊಂಡರು. ಹೊಸದಾಗಿದ್ದಾಗ ಇದರ ಬೆಲೆ ಐವತ್ತು ಲಕ್ಷವೆಂದು ದಲ್ಲಾಳಿ ಹೇಳಿದ್ದ.

"ಅದನ್ನ ಊರ ಮಂದಿಗೆಲ್ಲಾ ಹೇಳಿದ್ನಿ. ಐವತ್ತು ಲಕ್ಷದ್ದು ಎಂಟಕ್ಕ ಬಂತು ಅಂತ. ಗಾಡಿ ರೇಟು ಅಷ್ಟ ಇಳದೈತಿ, ಅದರ ಪುರ್ಜಾದ, ಬಿಡಿ ಸಾಮಾನಿನ ರೇಟು ಐವತ್ತು ಲಕ್ಷದ ಗಾಡೀದ ಐತಿ ಅನ್ನೂದು ನನಗ ಯಾರೂ ಹೇಳಲಿಲ್ರಿ."

"ಯಾರನ್ನ ಕೇಳಿದ್ರಿ ಹೇಳಾಕ?" ಎಂದರು ಹಣಮಮ್ಮ.

ಮೊದಲ ಎರಡು ಹಂಗಾಮುಗಳು ಚೆನ್ನಾಗಿಯೇ ನಡೆದವು. ಮದುವೆಯ ಬಾಡಿಗೆಯನ್ನು ಒಪ್ಪಿಕೊಳ್ಳುವಾಗ ಚಂದ್ರಕಾಂತ್ ಅನುಸರಿಸುತ್ತಿದ್ದ ಕ್ರಮ ವಿಶಿಷ್ಟವಾದದ್ದು. ಎಂಟು ಮದುವೆಗಳಿಗೆ ಮುಂಗಡ ಹಿಡಿಯುತ್ತಿದ್ದರು, ಒಂಬತ್ತನೆಯವರನ್ನು ಬೇಡವೆಂದು ಕಳುಹಿಸುತ್ತಿದ್ದರು. ಎಂಟು ಮುಗಿಯುವವರೆಗೆ ಕಾರನ್ನು ತೊಳೆಯುವುದು, ಗಾಳಿ ನೋಡುವುದು ಬಿಟ್ಟರೆ ಯಾರೂ ಮುಟ್ಟಬಾರದು. ಮುಗಿದ ಮೇಲೆ ಖಾಜಾಮಿಯಾ ಅವರ ಶೆಡ್ಡಿಗೆ ತಂದು ಎಣ್ಣೆ, ಬ್ರೇಕು ಎಲ್ಲವನ್ನೂ ಒಟ್ಟಿಗೆ ನೋಡಿಸುತ್ತಿದ್ದರು. ಇದನ್ನು ಹೀಗೇಕೆ ಮಾಡುತ್ತಿದ್ದಿರಿ ಎಂದು ಕೇಳಲಾಯಿತು. ಬೇರೆ ರೀತಿ ಮಾಡಬಹುದೆಂದು ತಮಗೆ ತೋಚಿಯೇ ಇರಲಿಲ್ಲ ಎಂದರು.

೨೦೨೫ರ ಜನವರಿಯ ಕೊನೆಯಲ್ಲಿ, ಮಾಘ ಮಾಸದ ಮುಹೂರ್ತಗಳಿಗೆ ಎಂಟೂ ಮುಂಗಡಗಳು ಬಂದ ಮೇಲೆ, ದೀಪವೊಂದು ಉರಿಯುತ್ತಿಲ್ಲವೆಂದು, ಅದೊಂದನ್ನು ಮಾತ್ರ ನೋಡಿಸಲು, ಕಾರನ್ನು ಶೆಡ್ಡಿಗೆ ತಂದಿದ್ದರು. ಅಲ್ಲಿ ನಡೆದ ಮಾತನ್ನು ಚಂದ್ರಕಾಂತ್ ಮತ್ತು ಖಾಜಾಮಿಯಾ ಇಬ್ಬರಿಂದಲೂ ಪ್ರತ್ಯೇಕವಾಗಿ ಕೇಳಿ ತಾಳೆ ನೋಡಲಾಗಿದೆ. ಬಹುತೇಕ ಹೊಂದುತ್ತದೆ.

"ಚಂದ್ರಣ್ಣಾ, ಟೈಮಿಂಗ್ ಬೆಲ್ಟ್ ಯಾವಾಗ ಬದ್ಲಿ ಮಾಡಿದ್ದು?" ಎಂದು ಖಾಜಾಮಿಯಾ ಕೇಳಿದರು.

"ಮಾರಿದಾಂವ ಹೊಸಾದು ಹಾಕ್ಸೀನಿ ಅಂದಾನ."

"ಬಿಲ್ ಐತೇನು?"

"ಮಾತು ಐತಿ."

"ಮಾತಿನ ಮ್ಯಾಲ ಇಂಜಿನ್ ಓಡಂಗಿಲ್ಲಣ್ಣಾ. ಹನ್ನೊಂದು ವರ್ಷದ ಗಾಡಿ. ಅದನ್ನ ಹಾಕಿಬಿಡೂಣು."

"ಎಷ್ಟಾಗತೈತಿ?"

"ಬೆಲ್ಟ್ ಒಂದ ಹಾಕಾಕ ಬರೂದಿಲ್ಲ. ಅದನ್ನ ಬಿಗೀ ಹಿಡಿಯೂ ಟೆನ್ಷನರ್, ರೋಲರ್, ನೀರಿನ ಪಂಪು, ಎಲ್ಲಾ ಕೂಡೇ ಬದ್ಲಿ ಮಾಡ್ಬೇಕು. ಹೈದರಾಬಾದಿಂದ ತರಸ್ಬೇಕು. ಅರವತ್ತು ಸಾವಿರ ಹಿಡಕೋ. ಕಂಪನಿ ಶೋರೂಮಿಗೆ ಹೋದ್ರ ಲಕ್ಷದ ಹತ್ತರ."

"ಒಂದು ರಬ್ಬರ್ ಪಟ್ಟಿಗೆ? ಅರವತ್ತು ಸಾವಿರಕ್ಕ ಒಂದು ಹಳೇ ಮೋಟರ್ ಸೈಕಲ್ ಬರತೈತಿ."

"ಬರತೈತಿ. ಮದುಮಗ ಅದರ ಮ್ಯಾಲ ಕುಂದರಂಗಿಲ್ಲ."

ಖಾಜಾಮಿಯಾ ಮೇಲಿನ ಮುಚ್ಚಳವನ್ನು ತೆಗೆದು ತೋರಿಸಿದರು. ಕಪ್ಪನೆಯ ಹಲ್ಲಿನ ಪಟ್ಟಿ. ಚಂದ್ರಕಾಂತ್ ಅದರ ಅಂಚಿನ ಮೇಲೆ ಬೆರಳಾಡಿಸಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ರೇಷ್ಮೆಯ ಎಳೆಗಳನ್ನು ಕತ್ತಲೆಯಲ್ಲಿಯೂ ಗುರುತಿಸಿದ ಬೆರಳು ಅದು. ಒಂದೂ ಎಳೆ ಎದ್ದಿರಲಿಲ್ಲ, ಅಂಚು ಎಲ್ಲಿಯೂ ಸವೆದಿರಲಿಲ್ಲ. ರಬ್ಬರು ವಯಸ್ಸಿನಿಂದ ಒಳಗೊಳಗೇ ಹಾಳಾಗುತ್ತದೆ, ಮುಟ್ಟಿದರೆ ತಿಳಿಯುವುದಿಲ್ಲ ಎಂದು ಖಾಜಾಮಿಯಾ ಹೇಳಿದ್ದನ್ನು ಅವರು ಕೇಳಿಸಿಕೊಂಡರು.

"ಎಂಟು ಮದ್ವಿ ಹಿಡದೀನಿ. ಈಗ ಬಿಚ್ಚಬ್ಯಾಡ. ಎಂಟು ಮುಗೀಲಿ, ಅದರ ರೊಕ್ಕದಾಗನ ಹಾಕಿಬಿಡು," ಎಂದು ಮುಚ್ಚಳವನ್ನು ತಾವೇ ಹಾಕಿದರು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಎಂಟು ಮದುವೆಗಳ ಬಾಡಿಗೆಯಿಂದ ಬೆಲ್ಟಿನ ಖರ್ಚು ಸುಲಭವಾಗಿ ಹೊರಡುತ್ತಿತ್ತು.

ಆರನೆಯದು ಉಟ್ಕೂರ್‌ನ ವರ, ಗದ್ವಾಲ್‌ನಲ್ಲಿ ಮದುವೆ. ಫೆಬ್ರವರಿಯ ಮೂರನೆಯ ವಾರ. ಮುಂದಿನ ಸೀಟಿನಲ್ಲಿ ವರನ ಸೋದರಮಾವ ವೆಂಕಟಯ್ಯ, ಹಿಂದೆ ಬಾಸಿಂಗ ಕಟ್ಟಿಕೊಂಡ ವರ. ಕೃಷ್ಣೆಯ ಜೂರಾಲ ಅಣೆಕಟ್ಟು ದಾಟಿ ಸ್ವಲ್ಪ ದೂರ ಹೋಗಿರಬೇಕು, ಟಕ್ ಎಂದು ಒಂದು ಸಣ್ಣ ಶಬ್ದ ಬಂತು. ಆಮೇಲೆ ಶಬ್ದವೇ ಇಲ್ಲ. ಕಾರು ತನ್ನಷ್ಟಕ್ಕೆ ಉರುಳಿ ರಸ್ತೆಯ ಬದಿಗೆ ನಿಂತಿತು.

"ಮಗ್ಗ ಹಂಗ ಮಾಡಂಗಿಲ್ರಿ," ಎಂದರು ಚಂದ್ರಕಾಂತ್. "ಅದು ಕೆಡೂಕಿಂತ ಮೊದಲ ಕಿರಕಿರ ಅಂತೈತಿ, ಅಳತೈತಿ. ಇದು ಏನೂ ಹೇಳಲಿಲ್ಲ."

ವೆಂಕಟಯ್ಯ ಕೆಳಗಿಳಿದು ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಏನಾತೋ ಚಂದ್ರಕಾಂತಾ?"

"ನಿಂತೈತ್ರಿ ಮಾವಾ."

"ನಿಂತದ್ದು ನನಗೂ ಕಾಣತೈತಿ. ಐವತ್ತು ಲಕ್ಷದ್ದು ಅಂದಿದ್ದೆಲ್ಲೋ, ನಿಂದ್ರಾಕ ಎಷ್ಟು, ಓಡಾಕ ಎಷ್ಟು?"

ಅಷ್ಟರಲ್ಲಿ ಹಿಂದಿನಿಂದ ದಿಬ್ಬಣದವರನ್ನು ತುಂಬಿಕೊಂಡು ಬಂದ ಆಟೋ ನಿಂತಿತು. ಮೂವರು ಹೆಂಗಸರನ್ನು ಇಳಿಸಿ ವರನನ್ನು ಅದರಲ್ಲಿ ಕೂರಿಸಿದರು. "ಬಾಸಿಂಗಾ ಹಿಡಕೋರಿ ಅಳಿಯಾ, ಗಾಳಿಗೆ ಹಾರೀತು!" ಎಂದು ಒಬ್ಬಾಕೆ ಕೂಗಿದಳು. ವರನಿಗೆ ನಗು ತಡೆಯಲಾಗಲಿಲ್ಲ. "ಛಲೋ ಆತು ಬಿಡ್ರಿ ಅತ್ತಿ, ಒಳಗ ಎ.ಸಿ. ಥಂಡಿಗೆ ಹಲ್ಲು ಕಡಕೊಂಡು ಕುಂತಿದ್ನಿ," ಎಂದ. ಇಳಿದ ಹೆಂಗಸರು ಕಾರಿನೊಳಗೆ ಕುಳಿತು ಇನ್ನೊಂದು ಆಟೋ ಬರುವವರೆಗೆ ಫೋಟೋ ತೆಗೆದುಕೊಂಡರು.

ಹೂವಿನ ಹಾರಗಳು ಹಾಗೆಯೇ ಇದ್ದ ಕಾರನ್ನು ಸಂಜೆ ಟ್ರ್ಯಾಕ್ಟರ್ ಒಂದಕ್ಕೆ ಕಟ್ಟಿ, ಆತ್ಮಕೂರ್ ಮತ್ತು ಅಮರಚಿಂತದ ಬಜಾರುಗಳ ನಡುವೆ ಎಳೆದು ಮಕ್ತಲ್‌ಗೆ ತಂದರು. ಒಳಗೆ ಸ್ಟೇರಿಂಗ್ ಹಿಡಿದು ಕುಳಿತಿದ್ದ ಚಂದ್ರಕಾಂತ್ ಅವರನ್ನು ನೋಡಿ ಜನ ಮದುಮಗನೆಲ್ಲಿ ಎಂದು ಕೇಳಿದರಂತೆ.

ಮರುದಿನ ಇಂಜಿನ್ ಬಿಚ್ಚಲಾಯಿತು. ಕಾರಿನ ಇಂಜಿನ್ನಿನಲ್ಲಿ ಮೇಲೆ ವಾಲ್ವುಗಳು ತೆರೆದು ಮುಚ್ಚುತ್ತವೆ, ಕೆಳಗಿನಿಂದ ಪಿಸ್ಟನ್ನುಗಳು ಮೇಲೇರಿ ಇಳಿಯುತ್ತವೆ. ಎರಡೂ ಒಂದಕ್ಕೊಂದು ತಾಗದಂತೆ ಹೊತ್ತು ತಪ್ಪದೆ ನಡೆಸುವುದು ಆ ಬೆಲ್ಟು. ಅದು ಹರಿದಾಗ ವಾಲ್ವುಗಳು ತೆರೆದಲ್ಲಿಯೇ ನಿಂತವು, ಪಿಸ್ಟನ್ನುಗಳು ಬಂದು ಬಡಿದವು. ಖಾಜಾಮಿಯಾ ಬಾಗಿದ ವಾಲ್ವುಗಳನ್ನು ತಟ್ಟೆಯೊಂದರಲ್ಲಿ ಹಾಕಿ ತೋರಿಸಿದಾಗ ಚಂದ್ರಕಾಂತ್ ಅವರಿಗೆ ಎರಡನೆಯ ಸಲ ವಿವರಿಸಬೇಕಾಗಲಿಲ್ಲ.

"ಲಾಳಿ ಹಾಸಿನ ನಡುವ ಇರೂ ಮುಂದ ಕಾಲ ಕೆಳಗಿನ ಹಲಗಿ ಬಿಟ್ರ ಏನಾಗತೈತಿ? ಎಳಿ ಬಾಯಿ ಮುಚ್ಚತೈತಿ, ಲಾಳಿ ಒಳಗ ಸಿಗತೈತಿ, ನೂರಾರು ಎಳಿ ಹರೀತಾವ. ಅದ ಇದು. ಜನವರಿಯಾಗ ಖಾಜಾಭಾಯಿ ಹಿಂಗ ಹೇಳಿದ್ದನಂದ್ರ ನನಗ ತಿಳೀತಿತ್ತೇನೋ. ಅಂವಗ ಮಗ್ಗ ಗೊತ್ತಿಲ್ಲ, ನನಗ ಇಂಜಿನ್ ಗೊತ್ತಿಲ್ಲ."

ಅರವತ್ತು ಸಾವಿರದ ಕೆಲಸ ಈಗ ಮೂರು ಲಕ್ಷ ಇಪ್ಪತ್ತು ಸಾವಿರದ್ದಾಗಿತ್ತು, ಅದೂ ಪಿಸ್ಟನ್ನುಗಳು ನೆಟ್ಟಗಿದ್ದರೆ. ಹೈದರಾಬಾದಿನ ಶೋರೂಮೊಂದರಲ್ಲಿ ವಿಚಾರಿಸಿದಾಗ ಹೇಳಿದ ಮೊತ್ತ ಇಡೀ ಕಾರಿನ ಆಗಿನ ಬೆಲೆಗಿಂತ ಹೆಚ್ಚಿತ್ತು. ವಿಮೆಯವರು ಅಪಘಾತವಾಗಿದೆಯೇ ಎಂದು ಕೇಳಿದರು. ಇಲ್ಲ, ತಾನಾಗಿಯೇ ನಿಂತಿತು ಎಂದು ಚಂದ್ರಕಾಂತ್ ನಿಜ ಹೇಳಿದರು. ಹಾಗಾದರೆ ಪರಿಹಾರ ಬರುವುದಿಲ್ಲ ಎಂದು ವಿಮೆಯವರು ಹೇಳಿದರು. ಮಾರಿದ ದಲ್ಲಾಳಿ ಮೊದಲೆರಡು ಸಲ ಫೋನ್ ಎತ್ತಿ "ಎರಡು ವರ್ಷ ಓಡಿಸಿ ಈಗ ಹೇಳ್ತೀರಾ" ಎಂದವನು ಆಮೇಲೆ ಎತ್ತಲಿಲ್ಲ. ಬ್ಯಾಂಕಿನಲ್ಲಿ ಹತ್ತು ವರ್ಷ ದಾಟಿದ ವಾಹನಕ್ಕೆ ಸಾಲವಿಲ್ಲವೆಂದರು. ದೆಹಲಿಯಿಂದ ಹಳೆಯ ಇಂಜಿನ್ ಒಂದನ್ನು ಎರಡೂವರೆ ಲಕ್ಷಕ್ಕೆ ತರಿಸಬಹುದೆಂದು ಖಾಜಾಮಿಯಾ ಸೂಚಿಸಿದರು.

"ಅದರಾಗಿನ ಬೆಲ್ಟು ಯಾವ ಕಾಲದ್ದು?" ಎಂದು ಚಂದ್ರಕಾಂತ್ ಕೇಳಿದರು.

"ಅದು ಅಲ್ಲಾಗ ಗೊತ್ತು. ಬಂದ ಮ್ಯಾಲ ಅದನ್ನೂ ಬದ್ಲಿ ಮಾಡ್ಬೇಕು."

"ಅರವತ್ತು ಸಾವಿರ?"

"ಈಗ ಅರವತ್ತೈದು ಆಗೈತಣ್ಣಾ."

ಅಂದಿನಿಂದ ಚಂದ್ರಕಾಂತ್ ವಾರಕ್ಕೊಮ್ಮೆ ನಾರಾಯಣಪೇಟೆಯಿಂದ ಬಸ್ಸಿನಲ್ಲಿ ಬಂದು ಕಾರನ್ನು ಒರೆಸಿ ಹೋಗುತ್ತಿದ್ದರು. ಉಳಿದ ಎರಡು ಮದುವೆಗಳಿಗೆ ರಾಯಚೂರಿನಿಂದ ಬೇರೆ ಕಾರುಗಳನ್ನು ತರಿಸಿ, ಹೆಚ್ಚಾದ ಬಾಡಿಗೆಯನ್ನು ತಾವೇ ಕೊಟ್ಟರು. ಖಾಜಾಮಿಯಾ ಶೆಡ್ಡಿನ ಬಾಡಿಗೆ ಕೇಳಲಿಲ್ಲ. ಆದರೆ ಮಳೆಗಾಲ ಬಂದರೆ ಇಂಜಿನ್ನಿಗೆ ತುಕ್ಕು ಹಿಡಿಯುತ್ತದೆ, ಏನಾದರೂ ಒಂದು ನಿರ್ಧರಿಸಿ ಎಂದು ಪ್ರತಿ ವಾರ ಹೇಳುತ್ತಿದ್ದರು.

ಎರಡನೆಯ ಮಾತುಕತೆ ಜೂನ್‌ನಲ್ಲಿ, ನಾರಾಯಣಪೇಟೆಯ ಅವರ ಮನೆಯಲ್ಲಿ ನಡೆಯಿತು. ಹಣಮಮ್ಮ ಪಡಸಾಲೆಯ ಮಗ್ಗದಲ್ಲಿದ್ದರು. ಅಂದು ಸೀರೆ ಅಂಗಡಿಯ ಗುಮಾಸ್ತ ಉದಯಕುಮಾರ ಒಂದು ಪ್ರಸ್ತಾಪದೊಡನೆ ಬಂದಿದ್ದರು. ಚಂದ್ರಕಾಂತ್ ಚಾಲಕರಾಗಿದ್ದ ಸಾಹುಕಾರರ ಮಗ ಕಾರಿನ ರಿಪೇರಿಯ ಪೂರ್ತಿ ಹಣ ಕೊಡಲು ಸಿದ್ಧ. ಆದರೆ ಆ ಸಾಲ ತೀರುವವರೆಗೆ ಹಣಮಮ್ಮ ಅವರೊಬ್ಬರಿಗೇ, ಅವರು ಹೇಳಿದ ಕೂಲಿಗೆ ನೇಯಬೇಕು. ಉದಯಕುಮಾರ ಅದನ್ನು ಒಳ್ಳೆಯ ಸುದ್ದಿಯೆಂದೇ ನಂಬಿ ತಂದಿದ್ದರು.

"ಎಷ್ಟು ಹಾಸು ನೇಯ್ಬೇಕಾಗತೈತಿ ತಮ್ಮಾ?" ಎಂದು ಹಣಮಮ್ಮ ಲಾಳಿ ನಿಲ್ಲಿಸದೆ ಕೇಳಿದರು.

"ಲೆಕ್ಕಾ ಹಾಕಿಲ್ಲವ್ವಾ. ನಾಲ್ಕೈದು ವರ್ಷ ಆದೀತು."

"ನಾಲ್ಕೈದು ವರ್ಷದಾಗ ಆ ಬೆಲ್ಟು ಮತ್ತ ಬದ್ಲಿ ಮಾಡ್ಬೇಕಂತಲ್ಲ?"

ಉದಯಕುಮಾರ ಚಂದ್ರಕಾಂತ್ ಅವರತ್ತ ನೋಡಿದರು. ಚಂದ್ರಕಾಂತ್ ನೆಲದ ಮೇಲೆ ಕುಳಿತು ಎಡಗೈಯಿಂದ ರಾಟೆ ತಿರುಗಿಸುತ್ತ ಹೆಂಡತಿಯ ಲಾಳಿಯೊಳಗಿನ ಕಂಡಿಕೆಗಳಿಗೆ ನೂಲು ಸುತ್ತಿಕೊಡುತ್ತಿದ್ದರು. ತಲೆ ಎತ್ತಲಿಲ್ಲ.

ಹಣಮಮ್ಮ ಲಾಳಿ ನಿಲ್ಲಿಸಿದರು. "ಹಿತ್ತಲ ಕೊಟ್ನಿ. ಎರಡು ಮಗ್ಗ ಕೊಟ್ನಿ, ಒಂದರ ಮ್ಯಾಲ ನಮ್ಮ ಮಾವ ಕುಂದರತಿದ್ದ. ಬ್ಯಾಡ ಅಂದಿಲ್ಲ. ಇದರ ಮ್ಯಾಲಿನ ಕೈ ಮಾತ್ರ ನನ್ನವ ಇರಲಿ. ಇವರನ್ನ ಕೇಳು, ಇವರು ಹೂಂ ಅಂದ್ರ ನಾ ನೇಯ್ತೀನಿ. ಅನ್ರಿ, ನೀವ ಅನ್ರಿ."

ರಾಟೆ ನಿಂತಿತು. ಧ್ವನಿಮುದ್ರಣದಲ್ಲಿ ಆ ಭಾಗ ಬಹಳ ಹೊತ್ತು ಖಾಲಿಯಿದೆ. ಪಕ್ಕದ ಮನೆಯ ಮಗ್ಗದ ಸದ್ದು ಮಾತ್ರ ಕೇಳುತ್ತದೆ. ಆಮೇಲೆ ಉದಯಕುಮಾರ, "ಚಹಾ ಬ್ಯಾಡವ್ವಾ, ಬರ್ತೀನಿ," ಎನ್ನುವುದು ಕೇಳುತ್ತದೆ. ಅವರು ಹೋದ ಮೇಲೆ ಚಂದ್ರಕಾಂತ್, ಖಾಜಾಮಿಯಾಗೆ ಫೋನ್ ಮಾಡಿ, ಬಿಡಿಭಾಗಗಳಿಗಾಗಿ ಹಳೆ ಕಾರುಗಳನ್ನು ಕೊಳ್ಳುವವರು ಯಾರಾದರೂ ಗೊತ್ತಿದ್ದಾರೆಯೇ ಎಂದು ಕೇಳಿದರು.

ಹೈದರಾಬಾದಿನಿಂದ ಜುಲೈಯಲ್ಲಿ ಬಂದ ವ್ಯಾಪಾರಿ ಇಂಜಿನ್ನನ್ನು ನೋಡಲೇ ಇಲ್ಲ. ಬಾಗಿಲು, ಸೀಟು, ಗಾಜುಗಳನ್ನು ತಟ್ಟಿ ನೋಡಿ ಒಂದು ಬೆಲೆ ಹೇಳಿದ. ಮುಂದಿನ ದೀಪಗಳ ಬಳಿ ಕುಳಿತು ಬಹಳ ಹೊತ್ತು ಪರೀಕ್ಷಿಸಿ, ಒಂದೊಂದು ನಲವತ್ತು ಸಾವಿರಕ್ಕೆ ಹೋಗುತ್ತದೆ ಎಂದು ತನ್ನ ಜೊತೆಯವನಿಗೆ ತೆಲುಗಿನಲ್ಲಿ ಹೇಳಿದ. ಚಂದ್ರಕಾಂತ್‌ಗೆ ತೆಲುಗು ಮನೆಮಾತಿನಷ್ಟೇ ಬರುತ್ತದೆ.

"ಒಂದು ದೀಪ ನಲವತ್ತಕ್ಕ ಹೋದ್ರ, ಇಡೀ ಗಾಡಿಗೆ ನೀವು ಹೇಳಿದ್ದು ಯಾವ ಲೆಕ್ಕ?" ಎಂದು ಅವರು ತೆಲುಗಿನಲ್ಲಿಯೇ ಕೇಳಿದರು.

"ದೀಪ ಕೊಳ್ಳುವವರು ಇದ್ದಾರೆ, ಅಣ್ಣಾ. ಗಾಡಿ ಕೊಳ್ಳುವವರು ಎಲ್ಲಿದ್ದಾರೆ, ಕರೆದುಕೊಂಡು ಬನ್ನಿ," ಎಂದ ವ್ಯಾಪಾರಿ, ವ್ಯಂಗ್ಯವಿಲ್ಲದೆ.

ಚಂದ್ರಕಾಂತ್ ಖಾಜಾಮಿಯಾ ಅವರ ಮುಖ ನೋಡಿದರು. ಖಾಜಾಮಿಯಾ ಕೈ ಒರೆಸಿಕೊಳ್ಳುತ್ತ, "ನನ್ನ ಕೈಯಾಗ ಏನೂ ಇಲ್ಲಣ್ಣಾ," ಎಂದರು. ಕಾಗದಗಳಿಗೆ ಸಹಿಯಾಯಿತು. ಕಾರನ್ನು ಲಾರಿಗೆ ಏರಿಸಲು ನಾಲ್ವರು ತಳ್ಳಬೇಕಾಯಿತು. ಚಂದ್ರಕಾಂತ್ ತಾವೂ ಭುಜ ಕೊಡಲು ಹೋದರು, ನೋವಾಗಿ ಕೈಬಿಟ್ಟು ಪಕ್ಕಕ್ಕೆ ನಿಂತರು. ಬಿಚ್ಚಿಟ್ಟಿದ್ದ ಇಂಜಿನ್ನಿನ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿ ಹಿಂದಿನ ಸೀಟಿನ ಮೇಲೆ ಇಡಲಾಯಿತು.

ಈ ಜೀವನವೃತ್ತಾಂತಕ್ಕೆ ಸಂಬಂಧಿಸಿದಂತೆ ಸಂಗ್ರಹದಲ್ಲಿ ನಮೂದಾದ ಕೊನೆಯ ಸಂಗತಿ: ೨೦೨೫ರ ಜುಲೈ ೧೭, ಗುರುವಾರ, ಚಂದ್ರಕಾಂತ್ ಅವರ ಕಾರನ್ನು ಬಿಡಿಭಾಗಗಳಿಗಾಗಿ ಒಂದು ಲಕ್ಷ ಮೂವತ್ತೈದು ಸಾವಿರ ರೂಪಾಯಿಗೆ ಮಾರಿ, ಮಕ್ತಲ್‌ನಿಂದ ಹೈದರಾಬಾದಿಗೆ ಲಾರಿಯಲ್ಲಿ ಸಾಗಿಸಲಾಯಿತು.